ಹೌದೋ ಇಲ್ಲೋ ಒಂದು ಒತ್ತರ್ರಿ

ನನಗೆ ಸಿಟ್ಟು ಬಂದು ಇವತ್ತಿಗೆ ಸರಿಯಾಗಿ ಹತ್ತೊಂಬತ್ತು ದಿನ. ಇನ್ನೂ ಇಳಿದಿಲ್ಲ. ಇಳಿಸಲು ಬಂದವರ ಮೇಲೂ ಬಂದಿದೆ. ಆದ್ದರಿಂದ ಓದುವವರು ಸ್ವಲ್ಪ ದೂರ ಕುಳಿತು ಓದಬೇಕು.

ನನ್ನ ಸಿಟ್ಟಿನ ಮೂಲ ಒಂದೇ. ನಮ್ಮ ಬೆಳಗಾವಿಯಿಂದ ಹಿಡಿದು ಖಾನಾಪುರದವರೆಗೆ, ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡುವ ಒಬ್ಬ ಮನುಷ್ಯನೂ ಇಲ್ಲ. ಊಟ ಆಯಿತೇನ್ರಿ ಎಂದರೆ "ಬರ್ರಿ, ನೀವೂ ಕುಂದರ್ರಿ" ಅನ್ನುತ್ತಾರೆ. ಬಸ್ಸು ಹೋಯಿತೇ ಎಂದರೆ "ಈಗ ಇಲ್ಲೇ ನಿಂತಿತ್ತಲ್ರಿ" ಅನ್ನುತ್ತಾರೆ. ಈ ಅಂಗಿ ನನಗೆ ಒಪ್ಪುತ್ತದೆಯೇ ಎಂದು ಹೆಂಡತಿ ಕಾಂತಾಳನ್ನು ಕೇಳಿದರೆ "ಅಡ್ಡಿಯಿಲ್ಲ" ಅನ್ನುತ್ತಾಳೆ. ಅಡ್ಡಿಯಿಲ್ಲ ಎಂದರೆ ಒಪ್ಪುತ್ತದೆ ಎಂದೋ, ಹಾಕಿಕೊಂಡು ಎಲ್ಲಾದರೂ ಹಾಳಾಗಿ ಹೋಗಿರಿ ಎಂದೋ, ಹನ್ನೊಂದು ವರ್ಷದ ಸಂಸಾರದಲ್ಲಿ ನನಗೆ ತಿಳಿದಿಲ್ಲ.

ಇವರೆಲ್ಲರಿಗೂ ಮೇಲಿನವರು ನಮ್ಮ ಅಧ್ಯಕ್ಷರಾದ ದುಂಡಪ್ಪನವರು. ವಡಗಾವಿಯ ಓಣಿಯೊಂದರಲ್ಲಿ, ಎರಡು ಮಗ್ಗದ ಮನೆಗಳ ನಡುವೆ ಸಿಕ್ಕಿಕೊಂಡಿರುವ ಶ್ರೀ ಗಂಗಾಂಬಿಕಾ ಮಹಿಳಾ ಹೊಲಿಗೆ ಸಂಘದ ಅಧ್ಯಕ್ಷರು. ಮಹಿಳಾ ಸಂಘಕ್ಕೆ ಗಂಡಸು ಅಧ್ಯಕ್ಷ ಹೇಗಾದ ಎಂದು ಮಹಿಳೆಯರು ಒಮ್ಮೆ ಕೇಳಿದ್ದರಂತೆ. "ನೋಡೂಣು" ಅಂದರಂತೆ. ನಾನು, ಅಂದರೆ ಗುರುಪುತ್ರಪ್ಪ, ಅಲ್ಲಿ ಆರು ವರ್ಷದಿಂದ ಹಂಗಾಮಿ ಕ್ಲರ್ಕು. ಪ್ರತಿ ಯುಗಾದಿಯ ಮರುದಿನ ಅವರ ಮುಂದೆ ನಿಂತು ಕೇಳುತ್ತೇನೆ.

"ಸಾಹೇಬ್ರ, ಈ ವರ್ಷರೆ ನನ್ನ ಖಾಯಂ ಮಾಡ್ತೀರೇನ್ರಿ?"

"ನೋಡೂಣು."

ಆರು ಯುಗಾದಿ, ಆರು ನೋಡೂಣು. ಇದರಿಂದ ಅವರಿಗೇನೂ ಆಗಲಿಲ್ಲ. ಆದದ್ದು ನನಗೆ. ನನ್ನ ಮಾವ ಗುರುಪಾದಪ್ಪನವರು ಖಾನಾಪುರದಲ್ಲಿ ಸಾಲಿ ಮಾಸ್ತರಾಗಿ ನಿವೃತ್ತರಾದವರು. ಮನೆಗೆ ಯಾರೇ ಬರಲಿ, ನನ್ನನ್ನು ತೋರಿಸಿ "ಇವ್ರು ನಮ್ಮ ಟೆಂಪರವರಿ ಅಳಿಯಾ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಎರಡು ವರ್ಷದ ಹಿಂದೆ ಅವರು ಇದನ್ನೇ ಹದಿನೆಂಟು ಜನ ಬೀಗರ ಪಂಕ್ತಿಯಲ್ಲಿ ಹೇಳಿದಾಗ, ಹೋಳಿಗೆ ಬಡಿಸುತ್ತಿದ್ದ ಕಾಂತಾ ಬುಟ್ಟಿ ಕೆಳಗಿಟ್ಟಳು. "ಇವ್ರು ಖಾಯಂ ಆಗೂತನಾ ಈ ಹೊಸ್ತಿಲಾ ತುಳ್ಯಾಂಗಿಲ್ಲ" ಎಂದು ಹೇಳಿ, ನನ್ನನ್ನು ಅರ್ಧ ಊಟದಿಂದ ಎಬ್ಬಿಸಿಕೊಂಡು ಬಸ್ಸು ಹತ್ತಿಸಿದಳು. ಅಂದಿನಿಂದ ಅವಳು ತವರಿಗೆ ಹೋಗಿಲ್ಲ. ನಾಗರ ಪಂಚಮಿಗೂ ಹೋಗಿಲ್ಲ. ಪಂಚಮಿಯ ದಿನ ಅವಳು ಅಡಿಗೆಮನೆಯಲ್ಲಿ ಸುಮ್ಮನೆ ಪಾತ್ರೆ ತಿಕ್ಕುವುದನ್ನು ನೋಡಿದರೆ ನನಗೆ ದುಂಡಪ್ಪನವರ ಮೇಲೆ ಎಂಥ ಸಿಟ್ಟು ಬರುತ್ತಿತ್ತು ಎಂದು ಹೇಳಲು ನನ್ನಲ್ಲಿ ಮಾತಿಲ್ಲ.

ಈ ವರ್ಷ, ಅಂದರೆ ಎರಡು ಸಾವಿರದ ಒಂದನೆಯ ಇಸವಿಯಲ್ಲಿ, ಸಂಘಕ್ಕೆ ಯಾರೋ ಪುಣ್ಯಾತ್ಮರು ತಮ್ಮ ಹಳೆಯ ಕಂಪ್ಯೂಟರೊಂದನ್ನು ದಾನ ಮಾಡಿದರು. ನಾನು ಟಿಳಕವಾಡಿಯಲ್ಲಿ ಮೂರು ತಿಂಗಳ ಕ್ಲಾಸಿಗೆ ಹೋಗಿ, ಒಂದು ಪ್ರೋಗ್ರಾಮು ಬರೆದೆ. ಕರೀ ಪರದೆ, ಬಿಳಿ ಅಕ್ಷರ. ಒಂದೊಂದೇ ಪ್ರಶ್ನೆ ಬರುತ್ತದೆ, ಉತ್ತರ ಹೊಡೆದು ಎಂಟರ್ ಒತ್ತಬೇಕು. ಹೌದಾದರೆ ವೈ, ಇಲ್ಲವಾದರೆ ಎನ್. ಬೇರೆ ಏನು ಹೊಡೆದರೂ "ತಪ್ಪು ಉತ್ತರ, ಮತ್ತೆ ಹೇಳಿ" ಎಂದು ಅದೇ ಪ್ರಶ್ನೆ. ಖಾಲಿ ಬಿಟ್ಟರೂ ಅದೇ ಪ್ರಶ್ನೆ. ವಯಸ್ಸಿನ ಜಾಗದಲ್ಲಿ ಅಕ್ಷರ ಹೊಡೆದರೆ ಒಳಗೆ ಬಿಡುತ್ತಿರಲಿಲ್ಲ. ಹೆಸರಿನ ಜಾಗದಲ್ಲಿ ನಾಲ್ಕು ಅಕ್ಷರವಾದರೂ ಇರಬೇಕು, ಇಪ್ಪತ್ತು ಮೀರಬಾರದು. ಇಷ್ಟಾದ ಮೇಲೂ ಹಟ ಹಿಡಿಯುವವರಿಗೆ ಒಂದು ಮದ್ದು ಇಟ್ಟಿದ್ದೆ. ಮೂರು ಸಲ ತಪ್ಪಿದರೆ ಯಂತ್ರ ತಾನೇ "ಇಲ್ಲ" ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿತ್ತು.

ಕ್ಲಾಸಿನ ಸರ್ ಇದೊಂದನ್ನು ಒಪ್ಪಲಿಲ್ಲ. "ಹಿಂಗ ಮಾಡಬ್ಯಾಡ್ರಿ. ಸರಿ ಉತ್ತರಾ ಬರೂತನಾ ಕೇಳ್ಕೋತ ಇರಬೇಕು. ನೀವಾಗಿ ಇಲ್ಲ ಅಂತ ಬರಕೊಳ್ಳಾಕ ನೀವ್ಯಾರು?" ಎಂದರು. ಅವರಿಗೇನು ಗೊತ್ತು, ಅವರು ದಾವಣಗೆರೆಯವರು.

ಮೊದಲ ಪರೀಕ್ಷೆ ಸಿಪಾಯಿ ಭರಮಣ್ಣನ ಮೇಲೆ ಆಯಿತು. ಯಂತ್ರ ಕೇಳಿತು: ಇವತ್ತು ಕಚೇರಿ ಗುಡಿಸಲಾಗಿದೆಯೇ?

"ನಿನ್ನಿ ಗುಡಿಸಿದ್ದ ಹಂಗ ಐತಲ್ರಿ" ಎಂದ ಭರಮಣ್ಣ. ಹೊಡೆದೆ. ತಪ್ಪು.

"ಮಂದಿ ಬಂದಿಲ್ಲಲ್ರಿ ಇನ್ನೂ." ತಪ್ಪು.

"ಗುಡಸೂದೇನು ದೊಡ್ಡ ಮಾತ್ರಿ?" ಪರದೆಯ ಮೇಲೆ ಬಂತು: ಉತ್ತರ, ಇಲ್ಲ.

"ಸುಡುಗಾಡು ಮಷೀನ್! ನಾ ಇನ್ನೂ ಒಪ್ಪಿದ್ದಿಲ್ಲ, ಅದ ಒಪ್ಪಿಬಿಡ್ತಲ್ರಿ!" ಎಂದು ಭರಮಣ್ಣ ಕಸಬರಿಗೆ ಎತ್ತಿಕೊಂಡ. ಆರು ವರ್ಷದಲ್ಲಿ ಅವನು ಬೆಳಗ್ಗೆ ಹನ್ನೊಂದರೊಳಗೆ ಕಸಬರಿಗೆ ಮುಟ್ಟಿದ್ದು ಅದೇ ಮೊದಲು. ನನ್ನ ಎದೆ ಅಂಗಿಯೊಳಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಖಾನಾಪುರದ ಹೆಣ್ಣುಮಕ್ಕಳಿಗೆಂದು ನೂರು ಹೊಲಿಗೆ ಮಷೀನು ಬಂದವು. ದುಂಡಪ್ಪನವರು ನನ್ನನ್ನು ಕರೆದು, "ಪಟ್ಟಿ ಕಂಪ್ಯೂಟರಿನ್ಯಾಗ ಚೊಕ್ಕ ಆಗಬೇಕು ನೋಡು. ಆತಂದ್ರ ನಿಂದು ವಿಚಾರ ಮಾಡೂಣು" ಎಂದರು. ನೋಡೂಣುವಿನಿಂದ ವಿಚಾರ ಮಾಡೂಣುವಿಗೆ ಬರಲು ಆರು ವರ್ಷ ಹಿಡಿದಿತ್ತು. ಮರುದಿನವೇ ಟೆಂಪೋ ಹತ್ತಿದೆ. ಪೀರನವಾಡಿ ದಾಟುವಾಗಿನ ತಗ್ಗುಗಳಲ್ಲಿ ಆ ಮಾನಿಟರನ್ನು ತೊಡೆಯ ಮೇಲೆ ಹೇಗೆ ಕಾಪಾಡಿದೆನೋ ನನಗೇ ಗೊತ್ತು.

ಖಾನಾಪುರದ ಸಭಾಭವನದಲ್ಲಿ ಮೊದಲು ಬಂದವಳು ಮಾಯವ್ವ.

"ವಯಸ್ಸು?"

"ಮೂವತ್ತರ ಮ್ಯಾಲ ಒಂದು ಚೂರು." ಮೂವತ್ತೊಂದು ಹೊಡೆದೆ.

"ಗಂಡನ ಹೆಸರು?"

ಮಾಯವ್ವ ಸೆರಗು ಬಾಯಿಗಿಟ್ಟು ನಕ್ಕಳು. "ನಮ್ಮ ಮನಿಯವರ್ರಿ."

"ಮನಿಯವರು ಅನ್ನೂದು ಹೆಸರಲ್ಲವಾ. ಹೆಸರು ಹೇಳು."

"ಲೋಂಡಾದಾಗ ರೈಲ್ವೇ ಹಳಿ ಮ್ಯಾಲ ಕೆಲಸಾ ಮಾಡ್ತಾರಲ್ರಿ, ಅವ್ರ."

"ಹೆಸರು!"

"ಹಾವಿನ ದೇವರ ಹೆಸರು ಐತ್ರಿ. ಅದರ ಮುಂದ ಲಿಂಗಪ್ಪಂದು. ನೀವ ಕೂಡಿಸಿಕೋರಿ."

ಹಿಂದೆ ನಿಂತವಳೊಬ್ಬಳು "ನಾ ಹೇಳ್ತೀನ್ರಿ, ಅಕೀ ಗಂಡನ ಹೆಸರು ನಾಗ..." ಎಂದು ಶುರು ಮಾಡಿದಳು. ನಾನು ಮೇಜು ಗುದ್ದಿದೆ. "ಅರ್ಜಿದಾರರೇ ಹೇಳಬೇಕು! ಬಾಜೂಕಿನವರು ಹೇಳಿದ್ದು ನಡ್ಯಾಂಗಿಲ್ಲ!"

ಗಂಡನ ಹೆಸರು ಹೆಂಡತಿ ಬಾಯಲ್ಲಿ ಬರಬಾರದು ಎಂಬ ಪದ್ಧತಿ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕಾಂತಾ ನನ್ನನ್ನು ಹನ್ನೊಂದು ವರ್ಷದಿಂದ "ಏನ್ರಿ" ಎಂದು ಕರೆಯುತ್ತಾಳೆ. ಸಂತೆಯಲ್ಲಿ ಕರೆದರೆ ನಲವತ್ತು ಗಂಡಸರು ತಿರುಗುತ್ತಾರೆ. ಆದರೆ ಪದ್ಧತಿ ನನಗೆ ಗೊತ್ತಿದ್ದರೆ ಸಾಲದು, ಯಂತ್ರಕ್ಕೆ ಗೊತ್ತಿರಬೇಕು. ನೇರ ಪ್ರಶ್ನೆಗೆ ನೇರ ಉತ್ತರ ಕೊಡುವುದನ್ನು ಈ ತಾಲೂಕಿಗೆ ಕಲಿಸಿಯೇ ತೀರುತ್ತೇನೆಂದು ನಾನು ಅಂದು ಪಣ ತೊಟ್ಟಿದ್ದೆ. ಮೂರು ಸಲ ಖಾಲಿ ಎಂಟರ್ ಹೊಡೆದೆ. ಯಂತ್ರ ತನ್ನ ಉತ್ತರ ತಾನು ಬರೆದುಕೊಂಡಿತು.

ಆಮೇಲೆ ಮರಾಠಿ ಮಾತಾಡುವ ಪ್ರಮಿಳಾ ಬಂದಳು. ಗಂಡನ ಹೆಸರು ಕೇಳಿದರೆ "ಆಮಚೇ ಹೇ", ಅಂದರೆ ನಮ್ಮ ಇವರು, ಎಂದಳು. ಹೇ ಎಂಬುದಕ್ಕೆ ನಾಲ್ಕು ಅಕ್ಷರ ಎಲ್ಲಿಂದ ತರಲಿ? ಅವಳದೂ ಮೂರು ಸಲ ಆಯಿತು. ಮಧ್ಯಾಹ್ನದ ಹೊತ್ತಿಗೆ ಸರತಿಯಲ್ಲಿ ನಮ್ಮ ಅತ್ತೆ ಬಸವಣ್ಣೆವ್ವನವರು ಬಂದು ನಿಂತರು. ಅವರಿಗೆ ಕೂಸುಗಳ ಕುಲಾವಿ, ಹೊದೆಯುವ ದುಪಟಿ ಹೊಲಿಯುವ ಹುಚ್ಚು.

"ಅತ್ತಿ, ಗಂಡನ ಹೆಸರು ಹೇಳ್ರಿ."

"ನಿಮಗ ಗೊತ್ತಿಲ್ಲೇನ್ರಿ ಅಳಿಯಂದ್ರ? ನಿಮ್ಮ ಮಾವಾರು!"

"ನನಗ ಗೊತ್ತಿದ್ರ ನಡ್ಯಾಂಗಿಲ್ರಿ. ನೀವ ಹೇಳಬೇಕು."

"ಅಯ್ಯ ಶಿವನ, ಈ ವಯಸ್ಸಿನ್ಯಾಗ ಹೆಸರು ಹಿಡಿಸ್ತೀರೇನ್ರಿ ನನ್ನ ಬಾಯಾಗ?"

ಮುಲಾಜಿಗೆ ಬಗ್ಗುವ ಮನುಷ್ಯ ನಾನಲ್ಲ. ಎಂಟರ್, ಎಂಟರ್, ಎಂಟರ್. ಸಂಜೆ ಪಟ್ಟಿ ಮುದ್ರಿಸಿ, ಓದಿ ನೋಡದೆ, ಸಭಾಭವನದ ಬಾಗಿಲಿಗೆ ಅಂಟಿಸಿ, ಕೆಳಗೆ ನನ್ನ ದೊಡ್ಡ ಸಹಿ ಹಾಕಿ ಬೆಳಗಾವಿಗೆ ಮರಳಿದೆ. ನೂರು ಹೆಸರು. ಅದರಲ್ಲಿ ಅರವತ್ತೊಂದು ಹೆಸರಿನ ಮುಂದೆ ಸಾಲಾಗಿ, ಸ್ವಚ್ಛವಾಗಿ, "ಗಂಡ: ಇಲ್ಲ" ಎಂದು ಬಂದಿತ್ತು.

ಮೂರನೆಯ ದಿನ ಬೆಳಗ್ಗೆ ಮಾಯವ್ವನ ಗಂಡ ನಾಗಲಿಂಗ ನಮ್ಮ ಕಚೇರಿಗೆ ಬಂದ. ಕೈಯಲ್ಲಿ ರೈಲು ಹಳಿಯ ಬೋಲ್ಟು ತಿರುಗಿಸುವ ಪಾನಾ ಇತ್ತು. ಅವನ ಬಾಯಿಂದಲೇ ಕೇಳಿದ ಸಂಗತಿ ಇದು. ಪಟ್ಟಿ ಓದಿದ ಯಾರೋ ಅವನ ಸೋದರತ್ತೆಗೆ ಸುದ್ದಿ ಮುಟ್ಟಿಸಿದ್ದಾರೆ. ಅವಳು ಹದಿನಾಲ್ಕು ಮಂದಿಯನ್ನು ಟೆಂಪೋದಲ್ಲಿ ತುಂಬಿಕೊಂಡು, ರೊಟ್ಟಿ ಝುಣಕದ ಬುತ್ತಿ ಕಟ್ಟಿಕೊಂಡು, ಎಂಟು ಮೈಲಿ ಅತ್ತುಕೊಂಡು ಬಂದಿದ್ದಾಳೆ. ಬಂದರೆ ನಾಗಲಿಂಗ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದಾನೆ. ಅತ್ತೆಗೆ ಬಂದದ್ದು ಸಂತೋಷವಲ್ಲ, ಸಿಟ್ಟು. "ಸತ್ತಾಂವ ಹೆಂಗ ಶೇಂಗಾ ತಿಂತೀಯೋ ಭಾಡ್ಯಾ! ಅಳೂದು ಅತ್ತೇನಿ ನಾ. ಇನ್ನ ನೀ ಖರೇನ ಹೋದಾಗ ಬರಾಂಗಿಲ್ಲ" ಎಂದು ಹೇಳಿ, ತಂದ ಬುತ್ತಿಯನ್ನು ತಾನೇ ಉಂಡು ಹೋದಳಂತೆ.

"ನನ್ನ ಹೇಣತಿಗೆ ಗಂಡ ಇಲ್ಲ ಅಂತ ಬರದಾಂವ ಯಾಂವ?" ಎಂದು ನಾಗಲಿಂಗ ಪಾನಾ ಮೇಜಿಗೆ ಬಡಿದ.

ಭರಮಣ್ಣ ನನ್ನನ್ನು ಬೆರಳು ಮಾಡಿ ತೋರಿಸಿದ. ಅಷ್ಟು ನೇರ ಉತ್ತರವನ್ನು ಅವನು ಜೀವಮಾನದಲ್ಲಿ ಕೊಟ್ಟಿರಲಿಲ್ಲ.

"ನೋಡ್ರಿ, ನಿಮ್ಮ ಮನಿಯವರು ಮೂರು ಸಲ ತಪ್ಪು ಉತ್ತರಾ ಕೊಟ್ಟಾರ್ರಿ" ಎಂದೆ.

"ಲೇ, ನಾ ನಿನ್ನ ಮುಂದ ನಿಂತೇನಲ್ಲಲೇ!"

"ನೀವು ನಿಂತದ್ದು ನನಗ ಕಾಣತೈತ್ರಿ. ಮಷೀನಿಗೆ ಕಾಣಾಂಗಿಲ್ಲ."

ಇದು ಶುದ್ಧ ತಾಂತ್ರಿಕ ವಿವರಣೆ. ಇದಕ್ಕೆ ಒಬ್ಬ ಮನುಷ್ಯ ಇನ್ನೊಬ್ಬನ ಕೊರಳಪಟ್ಟಿ ಹಿಡಿಯಬೇಕಾದ ಕಾರಣವೇನು? ಅವನು ಹಿಡಿದ. ಹಿಡಿದಿರುವಾಗಲೇ ಬಾಗಿಲಲ್ಲಿ ನಮ್ಮ ಮಾವ ಗುರುಪಾದಪ್ಪನವರು ಕಾಣಿಸಿದರು. ಕೊಡೆ, ಕೋಟು, ಕೈಯಲ್ಲಿ ಬಾಗಿಲಿನಿಂದ ಕಿತ್ತುಕೊಂಡು ಬಂದ ಪಟ್ಟಿ. ಕೆಂಪು ಪೆನ್ಸಿಲಿನಿಂದ ಐವತ್ತೇಳನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದರು.

"ಬಿಡಬ್ಯಾಡ್ರಿ ಅವನ್ನ, ಹಂಗ ಹಿಡ್ಕೋರಿ" ಎಂದು ಮೊದಲು ನಾಗಲಿಂಗನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಟೆಂಪರವರಿ ಇದ್ದಾಂವ ನೀನು. ಖಾಯಂ ಆಗಿ ಹೋದಾಂವ ನಾನು! ನಿನ್ನಿ ಮುಂಜಾನಿಂದ ಇಪ್ಪತ್ತು ಮಂದಿ ಬಂದು ಮಾತಾಡಿಸಿ ಹೋಗ್ಯಾರ. ಒಬ್ಬಾಂವ ಹಾರಾ ತಂದಿದ್ದ. ಹಾಕಾಕ ಫೋಟೋ ಎಲ್ಲೈತಿ ಅಂತ ನನ್ನ ಕೇಳ್ತಾನ!"

ಗದ್ದಲಕ್ಕೆ ದುಂಡಪ್ಪನವರು ಒಳಗಿನಿಂದ ಬಂದರು. ಓಣಿಯ ಮಗ್ಗಗಳೆಲ್ಲ ನಿಂತು ನೇಕಾರರು ಕಿಟಕಿಗೆ ಬಂದಿದ್ದರು. "ರವಿವಾರ ಮತ್ತ ಖಾನಾಪುರಕ್ಕ ಹೋಗು. ಪಟ್ಟಿ ತಿದ್ದು. ನಾನೂ ಬರ್ತೀನಿ. ಅರವತ್ತೊಂದೂ ಗಂಡಂದಿರು ಜೀವಂತ ಆಗಬೇಕು. ಆಗಲಿಲ್ಲಾ, ಸೋಮವಾರದಿಂದ ನೀ ಬರಬ್ಯಾಡ" ಎಂದರು.

"ಆದ್ರ ಖಾಯಂ ಮಾಡ್ತೀರೇನ್ರಿ?"

"ನೋಡೂಣು."

ಕೊರಳಪಟ್ಟಿ ನಾಗಲಿಂಗನ ಕೈಯಲ್ಲಿರುವಾಗಲೇ ನಾನು ನಿರ್ಧಾರ ಮಾಡಿದೆ. ಈ ಮನುಷ್ಯನಿಂದ ಈ ಸಲ ಹೌದೋ ಇಲ್ಲವೋ ಒಂದನ್ನು ಹೊರಡಿಸಿಯೇ ಬಿಡಬೇಕು. ಮರುದಿನ ಪ್ರೋಗ್ರಾಮು ತಿದ್ದಲು ಕುಳಿತೆ. ಗಂಡನ ಹೆಸರಿನ ಪ್ರಶ್ನೆಯಿಂದ ಮೂರು ಸಲದ ಮದ್ದನ್ನು ತೆಗೆದು ಹಾಕಿದೆ. ಇನ್ನು ಹೆಸರು ಹೇಳುವ ತನಕ ಯಂತ್ರ ಕೇಳುತ್ತಲೇ ಇರಬೇಕು. ಆಮೇಲೆ ಕಟ್ಟಕಡೆಗೆ, ಪಟ್ಟಿ ಮುದ್ರಣವಾಗುವ ಮುಂಚೆ, ಒಂದು ಹೊಸ ಪ್ರಶ್ನೆ ಸೇರಿಸಿದೆ: ಗುರುಪುತ್ರಪ್ಪನನ್ನು ಖಾಯಂ ಮಾಡಲಾಗಿದೆಯೇ? ಉತ್ತರ ಬಾರದೆ ಪಟ್ಟಿ ಹೊರಬರುವಂತಿಲ್ಲ. ಮೊದಲಿಂದ ಹೊಡೆಯುವ ಸಹನೆ ನನಗೆಲ್ಲಿದೆ? ಹಳೆಯ ಫ್ಲಾಪಿಯಲ್ಲಿ ಭರಮಣ್ಣನ ಕಸಬರಿಗೆಯ ಪ್ರಶ್ನೆ ಇತ್ತು. ಅದನ್ನೇ ಎತ್ತಿ ತಂದು, ಶಬ್ದ ಮಾತ್ರ ಬದಲಿಸಿದೆ.

ರವಿವಾರ ಕಾಂತಾ ತಾನೂ ಬರುತ್ತೇನೆಂದಳು. "ತವರಿಗಿ ಹೋಗಾಂಗಿಲ್ಲ. ನಿಮ್ಮ ಜೋಡಿ ಯಾರರೆ ಇರಬೇಕಲ್ಲ, ಮಂದಿ ಬಡದ್ರ ಬಿಡಸಾಕ" ಎಂದಳು.

ಸಭಾಭವನ ತುಂಬಿತ್ತು. ಮಾಯವ್ವ ಬಂದು ಕೂತಳು. ಗಂಡನ ಹೆಸರು ಎಂದೆ. ಮತ್ತೆ ಸೆರಗು, ಮತ್ತೆ ನಗು, ಮತ್ತೆ ಮನಿಯವರು. ಯಂತ್ರ ಮತ್ತೆ ಕೇಳಿತು. ಅರ್ಧ ತಾಸು ಕೇಳಿತು. ನನ್ನ ತಲೆಯ ನರ ಪಟಪಟ ಹೊಡೆಯಹತ್ತಿತು. ಆಗ ಕಾಂತಾ ನನ್ನನ್ನು ಬಾಜೂಕ್ಕೆ ಸರಿಸಿದಳು.

"ಏನ್ರಿ, ಹೆಸರು ಕೇಳಿದ್ರ ಯಾಕಿ ಹೇಳ್ತಾಳ? ಒಡಪು ಹಾಕು ಅನ್ರಿ" ಎಂದಳು.

ಒಡಪು ಎಂದರೆ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು. ಮದುವೆಯಲ್ಲಿ, ಸೀಮಂತದಲ್ಲಿ ಹೇಳುತ್ತಾರೆ. ಹಾಡಿನೊಳಗೆ ಹೆಸರು ಬಂದರೆ ಅದಕ್ಕೆ ದೋಷವಿಲ್ಲ. ಕೇಳಿದ್ದೇ ತಡ, ಮಾಯವ್ವ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟಳು.

"ಲೋಂಡಾದ ಗಾಡಿ ಬಂತು ತಡಾ ಮಾಡಿ, ನಾಗಲಿಂಗರಾಯರ ಬುತ್ತ್ಯಾಗ ಐತಿ ಶೇಂಗಾ ಪುಡಿ!"

ಜನ ಚಪ್ಪಾಳೆ ತಟ್ಟಿದರು. ನಾನು ಅಷ್ಟನ್ನೂ ಹೊಡೆದೆ. ಹೆಸರು ಇಪ್ಪತ್ತು ಅಕ್ಷರ ಮೀರಿದೆ ಎಂದಿತು ಯಂತ್ರ.

"ಅದರಾಗಿನ ಹೆಸರು ಅಷ್ಟ ಆರಿಸಿ ತಗೋರಿ, ಅಕ್ಕ್ಯಾಗಿನ ಹರಳ ಆರಿಸಿದಂಗ" ಎಂದಳು ಕಾಂತಾ. ಆರಿಸಿದೆ. ನಾಗಲಿಂಗ ಜೀವಂತನಾದ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಅವನು ಪಾನಾ ಕೆಳಗಿಟ್ಟ.

ಆಮೇಲೆ ಯಾರನ್ನೂ ಕೇಳುವಂತಿರಲಿಲ್ಲ, ನಿಲ್ಲಿಸುವಂತಿರಲಿಲ್ಲ. ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು, ಮೂರು ತಾಸು ಒಡಪಿನ ಮಳೆ. ನಮ್ಮ ಅತ್ತೆ ಬಸವಣ್ಣೆವ್ವನವರು ಎಲ್ಲರಿಗಿಂತ ಜೋರಾಗಿ, "ಬಿಸಿ ಚಹಾಕ್ಕ ಬೇಕು ಹಸಿ ಶುಂಠಿ, ಗುರುಪಾದಪ್ಪನವರ ಕೂಡ ಬಾಳ್ವೆ ಅಂದ್ರ ದಿನಾ ತಂಟಿ!" ಎಂದರು. ಕಾಂತಾ ಎರಡು ವರ್ಷದ ಮೇಲೆ ತಾಯಿಯ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಎಲ್ಲರೂ ಖುಷಿ. ನಾನೊಬ್ಬನೇ ಸಿಟ್ಟಿನಲ್ಲಿದ್ದೆ, ಏಕೆಂದರೆ ನನ್ನ ಕೆಲಸ ಇನ್ನೂ ಇತ್ತು.

ಅರವತ್ತೊಂದು ಗಂಡಂದಿರೂ ಎದ್ದು ಕೂತ ಮೇಲೆ ದುಂಡಪ್ಪನವರು ಹಾರ ಹಾಕಿಸಿಕೊಂಡು ವೇದಿಕೆಗೆ ಬಂದರು. ಕೊನೆಯ ಕೀಲಿಯನ್ನು ಅವರೇ ಒತ್ತಿ ಪಟ್ಟಿ ಹೊರಡಿಸಬೇಕೆಂದು ಏರ್ಪಾಟು. ಒತ್ತಿದರು. ಪರದೆಯ ಮೇಲೆ ನನ್ನ ಪ್ರಶ್ನೆ ಬಂತು. ನಾನು ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದೆ.

ದುಂಡಪ್ಪನವರು ನನ್ನ ಕಡೆ ತಿರುಗಿದರು.

"ಏನೋ ಇದು?"

"ಹೌದೋ ಇಲ್ಲೋ ಒಂದು ಒತ್ತರ್ರಿ ಸಾಹೇಬ್ರ. ಅಲ್ಲೀತನಾ ಪಟ್ಟಿ ಬರಾಂಗಿಲ್ಲ."

"ವೈ ಒತ್ತರ್ರೀ ಸಾಹೇಬ್ರ!" ಎಂದು ಮಾಯವ್ವ ಕೂಗಿದಳು. "ವೈ! ವೈ!" ಎಂದು ನೂರು ಹೆಣ್ಣುಮಕ್ಕಳು ಕೂಗಿದರು. ನಾಗಲಿಂಗ ಪಾನಾ ಮತ್ತೆ ಕೈಗೆತ್ತಿಕೊಂಡ. ಕಾಂತಾ ಎದ್ದು ನಿಂತಿದ್ದಳು.

"ನೋಡೂಣು ಅಂತ ಹೊಡಿ" ಎಂದರು ದುಂಡಪ್ಪನವರು. ಹೊಡೆದೆ. ತಪ್ಪು ಉತ್ತರ, ಮತ್ತೆ ಹೇಳಿ.

"ನೋಡೂಣು ಅಂದ್ನೆಲ್ಲ." ಹೊಡೆದೆ. ತಪ್ಪು ಉತ್ತರ, ಮತ್ತೆ ಹೇಳಿ. ಜನ ನಕ್ಕರು. ಸಿಕ್ಕಿಬಿದ್ದೆಯಲ್ಲೋ ಮಗನೇ ಎಂದುಕೊಂಡೆ.

"ಲೇ, ಅದಕ್ಕ ತಿಳ್ಯಾಂಗಿಲ್ಲೇನು? ನೋಡೂಣು!"

ಹೊಡೆದೆ. ಎಂಟರ್ ಒತ್ತಿದ ಬೆರಳು ಮೇಲೇಳುವ ಮೊದಲೇ ನನಗೆ ಭರಮಣ್ಣನ ಕಸಬರಿಗೆ, ಅದರ ಜೊತೆಗೇ ಎತ್ತಿ ತಂದಿದ್ದ ಮೂರು ಸಲದ ಮದ್ದು ನೆನಪಾಯಿತು. ಪರದೆಯ ಮೇಲೆ ಬಂತು: ಉತ್ತರ, ಇಲ್ಲ. ದಾಖಲಾಯಿತು. ಧನ್ಯವಾದ. ಬಾಜೂಕ್ಕಿದ್ದ ಪ್ರಿಂಟರು ಕಿರ್ರೆಂದು ಶುರುವಾಯಿತು.

ದುಂಡಪ್ಪನವರು ಪಟ್ಟಿ ಹರಿದುಕೊಂಡು ಕೊನೆಯ ಸಾಲು ಓದಿದರು. "ನಾ ಏನೂ ಇಲ್ಲ ಅಂದಿಲ್ಲಪಾ ಗುರುಪುತ್ರಪ್ಪ. ನಿನ್ನ ಮಷೀನ ಅಂತು. ಅದು ತಪ್ಪು ಒಳಗ ಬಿಡಾಂಗಿಲ್ಲ ಅಂತ ನೀನ ಹೇಳೀದಿ" ಎಂದರು. ನನ್ನ ಪ್ರಶ್ನೆಗೆ ಅವರ ಬಾಯಿಂದ ಬಂದ ಮೊದಲ ನೇರ ಮಾತು ಅದು.

ನಾನು ಫ್ಲಾಪಿಯನ್ನು ಎರಡು ಹೋಳು ಮಾಡಿ ಹೊರಗೆ ಬಂದೆ. ಕಾಂತಾ ಹಿಂದೆ ಬಂದಳು. ಮೆಟ್ಟಿಲ ಕೆಳಗೆ ಮಾವ ಗುರುಪಾದಪ್ಪನವರು ಕೊಡೆ ಊರಿಕೊಂಡು ನಿಂತಿದ್ದರು. ಅವಳ ಸಿಟ್ಟಿಗೆ ಹೆದರಿ ಒಳಗೆ ಬಂದಿರಲಿಲ್ಲ. ಎರಡು ವರ್ಷದ ಮೇಲೆ ಮಗಳನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದರು, ಆದರೆ ಮಾತು ಮಾತ್ರ ಮಾಸ್ತರದೇ.

"ಖಾಯಂ ಆತೇನು? ಹೌದೋ ಇಲ್ಲೋ ಒಂದು ಹೇಳು. ಮನೀಗಿ ಬರ್ತೀರೋ, ಬಸ್ಸು ಹತ್ತತೀರೋ?"

ಇಲ್ಲ ಎನ್ನಲು ಬಾಯಿ ತೆರೆದೆ. ಎರಡೇ ಅಕ್ಷರ. ಅತ್ತೆ ಬಸವಣ್ಣೆವ್ವನವರು ಹಿಂದಿನಿಂದ ಬಂದು ಮಗಳ ಮುಖ ನೋಡುತ್ತಾ ನಿಂತಿದ್ದರು. ಆ ಎರಡು ಅಕ್ಷರ ಹೊರಗೆ ಬರಲೇ ಇಲ್ಲ.

"ನೋಡೂಣ್ರಿ ಮಾವಾರ" ಎಂದೆ.

ಮಾವನವರು ಕಾಂತಾಳ ಕಡೆ ನೋಡಿದರು. ನಾನೂ ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅಡ್ಡಿಯಿಲ್ಲ, ಬರ್ರಿ" ಎಂದು, ತವರಿನ ಓಣಿಯ ಕಡೆ ತಿರುಗಿದಳು. ಅಡ್ಡಿಯಿಲ್ಲ ಎಂದರೆ ಏನೆಂದು ನಾನು ಕೇಳಲಿಲ್ಲ. ಕೊಡೆ ಹಿಡಿದ ಮಾವನ ಹಿಂದೆ, ಸಿಟ್ಟಿನಲ್ಲಿಯೇ, ನಡೆದೆ.